ಮೊಣಕೈ ನೋವು: ಸವೆದ ಹಗ್ಗಕ್ಕೆ ಮತ್ತೆ ಬಲ



ಬೆಳಗ್ಗೆ ಎದ್ದಾಗಿನಿಂದ ನಮ್ಮ ಕೈ ಎಷ್ಟು ಕೆಲಸ ಮಾಡುತ್ತದೆ? ಒಮ್ಮೆ ಲೆಕ್ಕ ಹಾಕಿ ನೋಡೋಣ.

ಕಸ ಗುಡಿಸುತ್ತೇವೆ. ಬಿಂದಿಗೆಯಲ್ಲಿ ನೀರು ತರುತ್ತೇವೆ. ಪಾತ್ರೆ ಉಜ್ಜುತ್ತೇವೆ. ಬಟ್ಟೆ ಒಗೆದು ಹಿಂಡುತ್ತೇವೆ. ಮುದ್ದೆ ತೊಳಸುತ್ತೇವೆ. ರೊಟ್ಟಿ ತಟ್ಟುತ್ತೇವೆ. ಹೊಲದಲ್ಲಿ ಕಳೆ ಕೀಳುತ್ತೇವೆ, ಪೈರು ಕೊಯ್ಯುತ್ತೇವೆ. ಮಗುವನ್ನು ಎತ್ತಿಕೊಳ್ಳುತ್ತೇವೆ. ಸಂಜೆಯಾದರೆ ಮತ್ತೆ ಅಡುಗೆ.

ಇಷ್ಟು ದುಡಿಯುವ ಕೈಗೆ ನೋವು ಬಂದರೆ ನಾವೇನು ಮಾಡುತ್ತೇವೆ? "ನರ ಎಳೆದಿರಬೇಕು" ಅಂತ ಎಣ್ಣೆ ಹಚ್ಚುತ್ತೇವೆ. ಅಂಗಡಿಯಿಂದ ಒಂದು ಮಾತ್ರೆ ತಂದು ನುಂಗುತ್ತೇವೆ. ಮತ್ತೆ ಕೆಲಸಕ್ಕೆ ಹೋಗುತ್ತೇವೆ. ನೋವು ವಾರ ಇರುತ್ತದೆ. ತಿಂಗಳು ಇರುತ್ತದೆ. ಕೆಲವರಿಗೆ ವರ್ಷವಾದರೂ ಇರುತ್ತದೆ.

ಇಂಥ ನೋವು ಯಾಕೆ ಬರುತ್ತದೆ? ಅದಕ್ಕೆ ಏನು ಮಾಡಬೇಕು? ಏನು ಮಾಡಬಾರದು? ಈ ಪಾಠದಲ್ಲಿ ತಿಳಿಯೋಣ.

ಅದು ನರ ಅಲ್ಲ, ಹಗ್ಗ

ನಿಮ್ಮ ಕೈಯನ್ನು ಮುಂದೆ ಚಾಚಿ. ಬೆರಳುಗಳನ್ನು ಮೇಲಕ್ಕೆ ಎತ್ತಿ. ಅಂಗೈಯ ಹಿಂಭಾಗ ನೋಡಿ. ಚರ್ಮದ ಕೆಳಗೆ ದಾರದಂಥ ಗೆರೆಗಳು ಎದ್ದು ಕಾಣುತ್ತವೆ ಅಲ್ಲವೇ? ಬೆರಳು ಆಡಿಸಿದರೆ ಅವೂ ಆಡುತ್ತವೆ. ಈಗ ಹಿಮ್ಮಡಿಯ ಮೇಲೆ, ಕಾಲಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ದಪ್ಪ ಹಗ್ಗದಂಥದು ಸಿಗುತ್ತದೆ.

ಇವು ನರ ಅಲ್ಲ. ಇವಕ್ಕೆ ಸ್ನಾಯುರಜ್ಜು ಎಂದು ಹೆಸರು. ಸ್ನಾಯು ಅಂದರೆ ಮಾಂಸಖಂಡ. ರಜ್ಜು ಅಂದರೆ ಹಗ್ಗ. ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಹಗ್ಗವೇ ಸ್ನಾಯುರಜ್ಜು. ಈ ಪಾಠದಲ್ಲಿ ನಾವು ಅದನ್ನು ಸುಮ್ಮನೆ 'ಹಗ್ಗ' ಅನ್ನೋಣ.

ಹೊಲ ಉಳುವುದನ್ನು ನೆನಪಿಸಿಕೊಳ್ಳಿ. ಎತ್ತು ಎಳೆಯುತ್ತದೆ. ನೇಗಿಲು ಸಾಗುತ್ತದೆ. ನಡುವೆ ಹಗ್ಗದ ಕಟ್ಟು ಇರುತ್ತದೆ. ನಮ್ಮ ದೇಹದಲ್ಲೂ ಹಾಗೆಯೇ. ಮಾಂಸಖಂಡ ಎತ್ತಿನ ಹಾಗೆ. ಮೂಳೆ ನೇಗಿಲಿನ ಹಾಗೆ. ಎತ್ತು ಎಷ್ಟೇ ಬಲವಾಗಿರಲಿ, ಹಗ್ಗ ಸವೆದಿದ್ದರೆ ಉಳುಮೆ ಸಾಗುವುದಿಲ್ಲ.

ಹಗ್ಗದಲ್ಲಿ ಸಣ್ಣ ಸಣ್ಣ ಎಳೆಗಳಿವೆ. ನಾವು ಕೆಲಸ ಮಾಡುವಾಗ ಕೆಲವು ಎಳೆಗಳು ಸವೆಯುತ್ತವೆ. ವಿಶ್ರಾಂತಿ ಸಿಕ್ಕಾಗ ದೇಹವೇ ಅವನ್ನು ರಿಪೇರಿ ಮಾಡುತ್ತದೆ. ಆದರೆ ಹಗ್ಗಕ್ಕೆ ರಕ್ತ ಹರಿಯುವುದು ಕಡಿಮೆ. ಮಾಂಸಖಂಡಕ್ಕೆ ಹರಿದಷ್ಟು ಹರಿಯುವುದಿಲ್ಲ. ಅದಕ್ಕೇ ಹಗ್ಗದ ರಿಪೇರಿ ನಿಧಾನ. ರಿಪೇರಿಗಿಂತ ಸವೆತ ಹೆಚ್ಚಾದರೆ ಎಳೆಗಳು ಸಿಕ್ಕುಸಿಕ್ಕಾಗುತ್ತವೆ. ಹಗ್ಗ ಬಲ ಕಳೆದುಕೊಳ್ಳುತ್ತದೆ. ಆಗ ನೋವು ನಿಲ್ಲುತ್ತದೆ, ಹೋಗುವುದಿಲ್ಲ.

ಮೊಣಕೈಗೇ ಯಾಕೆ?

ಮಣಿಕಟ್ಟನ್ನು ಮೇಲೆತ್ತುವ ಮಾಂಸಖಂಡಗಳು ಮುಂಗೈಯಲ್ಲಿವೆ. ಅವುಗಳ ಹಗ್ಗ ಮೊಣಕೈಯ ಹೊರಗಡೆಯ ಮೂಳೆಗೆ ಅಂಟಿಕೊಂಡಿದೆ. ನಾವು ಏನನ್ನಾದರೂ ಬಿಗಿಯಾಗಿ ಹಿಡಿದರೆ ಸಾಕು, ಈ ಹಗ್ಗ ಎಳೆಯುತ್ತದೆ. ಹಿಡಿದು ತಿರುಚಿದರೆ ಇನ್ನೂ ಹೆಚ್ಚು ಎಳೆಯುತ್ತದೆ. ಬಟ್ಟೆ ಹಿಂಡುವುದು, ಮುದ್ದೆ ತೊಳಸುವುದು, ಕುಡುಗೋಲು ಹಿಡಿದು ಕೊಯ್ಯುವುದು ಎಲ್ಲವೂ ಇಂಥ ಕೆಲಸಗಳೇ.

ಈ ನೋವಿಗೆ ಡಾಕ್ಟರು 'ಟೆನಿಸ್ ಎಲ್ಬೋ' ಅನ್ನುತ್ತಾರೆ. ಟೆನಿಸ್ ಒಂದು ಆಟ. ಎಲ್ಬೋ ಅಂದರೆ ಮೊಣಕೈ. ಆದರೆ ಈ ನೋವು ಬಂದವರಲ್ಲಿ ಹೆಚ್ಚಿನವರು ಟೆನಿಸ್ ಆಡಿದವರೇ ಅಲ್ಲ. ಕೈಯಲ್ಲಿ ದುಡಿಯುವವರಿಗೆ ಇದು ಬರುತ್ತದೆ. ಹೆಚ್ಚಾಗಿ 35ರಿಂದ 55 ವರ್ಷದ ಒಳಗೆ ಬರುತ್ತದೆ.

ಕ್ರಿಕೆಟ್ ಆಟಗಾರ ಸಚಿನ್ ತೆಂಡೂಲ್ಕರ್ ಹೆಸರು ಕೇಳಿದ್ದೀರಿ. ಅವರಿಗೂ 2004ರಲ್ಲಿ ಇದೇ ನೋವು ಬಂತು. ಹಲವು ಪಂದ್ಯ ಆಡಲಾಗಲಿಲ್ಲ. 2005ರಲ್ಲಿ ಮೊಣಕೈಗೆ ಆಪರೇಷನ್ ಆಯಿತು. ಆ ನೋವು ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಮುದ್ದೆ ತೊಳಸುವ ನಮ್ಮ ಕೈ ನೋವು ಸುದ್ದಿಯಾಗುವುದಿಲ್ಲ. ಮನೆಯವರಿಗೂ ಗೊತ್ತಾಗುವುದಿಲ್ಲ. ಆದರೆ ನೋವು ಅದೇ ನೋವು.

ಸಾಕಮ್ಮನ ಕಥೆ

ಸಾಕಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ವಯಸ್ಸು 42. ದೊಡ್ಡ ಪಾತ್ರೆ ಇಳಿಸಬೇಕು. ಉದ್ದ ಸೌಟಿನಲ್ಲಿ ಸಾರು ತಿರುವಬೇಕು. ಮನೆಗೆ ಬಂದರೆ ಆರು ಜನರಿಗೆ ಮುದ್ದೆ. ಭಾನುವಾರ ರಾಶಿ ಬಟ್ಟೆ.

ಒಂದು ದಿನ ಬಲ ಮೊಣಕೈ ನೋಯತೊಡಗಿತು. ಮೊದಮೊದಲು ಬಟ್ಟೆ ಹಿಂಡುವಾಗ ಮಾತ್ರ ನೋವು. ಆಮೇಲೆ ತಂಬಿಗೆ ಎತ್ತಿದರೂ ನೋವು. ಒಂದು ದಿನ ಸಾರಿನ ಸೌಟೇ ಕೈಯಿಂದ ಜಾರಿ ಬಿತ್ತು.

ಗಂಡ ಅಂದ, "ಏನಾಗಿದೆ ನಿಂಗೆ? ಕೈ ಊದಿಲ್ಲ, ಗಾಯ ಇಲ್ಲ. ಕೆಲಸ ತಪ್ಪಿಸೋಕೆ ನೆಪ."

ಸಾಕಮ್ಮನಿಗೆ ಕಣ್ಣೀರು ಬಂತು. ಒಬ್ಬರ ಮಾತು ಕೇಳಿ ಇಂಜೆಕ್ಷನ್ ಹಾಕಿಸಿಕೊಂಡಳು. ಮೂರು ವಾರ ನೋವೇ ಇರಲಿಲ್ಲ. ಸಂತೋಷಪಟ್ಟು ಎಲ್ಲ ಕೆಲಸ ಮಾಡಿದಳು. ಎರಡು ತಿಂಗಳಿಗೆ ನೋವು ಮತ್ತೆ ಬಂತು. ಮೊದಲಿಗಿಂತ ಜೋರಾಗಿ ಬಂತು. "ಇನ್ನು ಅಡುಗೆ ಕೆಲಸ ಬಿಡಬೇಕೇನೋ" ಅಂತ ಹೆದರಿದಳು. ಆ ಸಂಬಳದಲ್ಲೇ ಮಗಳ ಓದು ನಡೆಯುತ್ತಿತ್ತು.

ಊರಿನ ಆಶಾ ಕಾರ್ಯಕರ್ತೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿ ಡಾಕ್ಟರಮ್ಮ ಇದ್ದರು. ಅವರು ಸಾಕಮ್ಮನ ಕೈ ಮುಟ್ಟಿ ನೋಡಿದರು. ಮೊಣಕೈಯ ಹೊರಗಿನ ಮೂಳೆ ಒತ್ತಿದಾಗ "ಅಯ್ಯೋ, ಅಲ್ಲೇ ಕಣಮ್ಮ" ಅಂದಳು.

"ಬನ್ನಿ ಸಾಕಮ್ಮ, ಇನ್ನೊಂದು ನೋಡೋಣ. ಕೈ ನೀಟಾಗಿ ಚಾಚಿ. ಅಂಗೈ ನೆಲದ ಕಡೆ ಇರಲಿ. ಮುಷ್ಟಿ ಕಟ್ಟಿ ಮಣಿಕಟ್ಟು ಮೇಲೆತ್ತಿ. ನಾನು ಕೆಳಕ್ಕೆ ಒತ್ತುತ್ತೀನಿ, ನೀವು ಬಿಡಬೇಡಿ."

ಸಾಕಮ್ಮ ತಡೆಯಲಾರದೆ ಕೈ ಬಿಟ್ಟಳು.

"ಇದು ನೆಪ ಅಲ್ಲ" ಅಂದರು ಡಾಕ್ಟರಮ್ಮ. "ನಿಮ್ಮ ಮೊಣಕೈ ಹಗ್ಗ ಸವೆದಿದೆ. ಹೊರಗೆ ಕಾಣಲ್ಲ. ಎಕ್ಸ್-ರೇ ತೆಗೆದರೂ ಮೂಳೆ ಕಾಣುತ್ತೆ, ಹಗ್ಗ ಕಾಣಲ್ಲ."

"ಹಂಗಾದ್ರೆ ಕೈ ಆಡಿಸದೆ ಸುಮ್ನೆ ಇರ್ಬೇಕಾ ಡಾಕ್ಟ್ರಮ್ಮ? ನಮ್ ಮನೆ ನಡೆಯೋದು ಹೆಂಗೆ?"

"ಸುಮ್ಮನೆ ಇರಬೇಡಿ. ಬಾವಿ ಹಗ್ಗ ಸವೆದರೆ ತೆಗೆದು ಮೂಲೆಗೆ ಹಾಕಬಹುದು. ದೇಹದ ಹಗ್ಗ ಹಾಗಲ್ಲ. ಪೂರ್ತಿ ಕೆಲಸ ಬಿಟ್ಟರೆ ಅದು ಇನ್ನೂ ಬಲಹೀನ ಆಗುತ್ತೆ. ಮಿತಿಮೀರಿ ಎಳೆದರೂ ಕೆಡುತ್ತೆ. ಸ್ವಲ್ಪ ಸ್ವಲ್ಪವೇ ಭಾರ ಕೊಟ್ಟರೆ ನಿಧಾನವಾಗಿ ಬಲ ಬರುತ್ತೆ. ಮೂರು ತಿಂಗಳು ತಾಳ್ಮೆ ಬೇಕು."

"ಔಷಧಿ ಏನೂ ಬೇಡ್ವಾ?"

"ಒಂದು ನೀರಿನ ಬಾಟಲಿ ಸಾಕು" ಅಂದು ಡಾಕ್ಟರಮ್ಮ ನಕ್ಕರು.

ಬಾಟಲಿ ವ್ಯಾಯಾಮ

ಒಂದು ಲೀಟರ್ ನೀರಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅರ್ಧ ತುಂಬಿದರೆ ಅರ್ಧ ಕಿಲೋ. ಕಾಲು ತುಂಬಿದರೆ ಕಾಲು ಕಿಲೋ. ಮೊದಲು ಕಾಲು ಬಾಟಲಿ ನೀರಿನಿಂದ ಶುರು ಮಾಡಿ.

ಮೊದಲ ಹಂತ: ಹಿಡಿದು ನಿಲ್ಲಿಸುವುದು

1. ಕುರ್ಚಿ ಅಥವಾ ಜಗುಲಿಯ ಮೇಲೆ ಕುಳಿತುಕೊಳ್ಳಿ. ಮುಂಗೈಯನ್ನು ತೊಡೆಯ ಮೇಲೆ ಇಡಿ. ಅಂಗೈ ಕೆಳಮುಖವಾಗಿರಲಿ. ಮಣಿಕಟ್ಟು ಮೊಣಕಾಲಿನಿಂದ ಆಚೆ ಇರಲಿ.
2. ಬಾಟಲಿಯನ್ನು ಸಡಿಲವಾಗಿ ಹಿಡಿಯಿರಿ. ಅಂಗೈಯನ್ನು ಮುಂಗೈಯ ಮಟ್ಟಕ್ಕೆ ತನ್ನಿ. ಅಲ್ಲೇ ನಿಲ್ಲಿಸಿ.
3. ನಿಧಾನವಾಗಿ ಒಂದರಿಂದ ಮೂವತ್ತರವರೆಗೆ ಎಣಿಸಿ. ಇಳಿಸಿ.
4. ಒಂದೆರಡು ನಿಮಿಷ ಸುಧಾರಿಸಿಕೊಳ್ಳಿ. ಹೀಗೆ 4 ಸಲ ಮಾಡಿ.

ಎರಡು ವಾರ ಇದನ್ನೇ ದಿನಕ್ಕೆ ಒಂದು ಸಲ ಮಾಡಿ.

ಎರಡನೇ ಹಂತ: ನಿಧಾನವಾಗಿ ಇಳಿಸುವುದು

1. ಮೊದಲಿನಂತೆಯೇ ಕುಳಿತುಕೊಳ್ಳಿ.
2. ನೋವಿಲ್ಲದ ಕೈಯ ಸಹಾಯದಿಂದ ಬಾಟಲಿ ಹಿಡಿದ ಕೈಯನ್ನು ಮೇಲೆತ್ತಿ.
3. ಸಹಾಯದ ಕೈ ಬಿಡಿ. ನಾಲ್ಕರವರೆಗೆ ಎಣಿಸುತ್ತ ನಿಧಾನವಾಗಿ ಕೆಳಗೆ ಇಳಿಸಿ.
4. ಹೀಗೆ 10 ಸಲ ಮಾಡಿ. ಸ್ವಲ್ಪ ನಿಂತು ಮತ್ತೆ 10 ಸಲ. ಮತ್ತೆ 10 ಸಲ.

ವಾರ ಕಳೆದು ಸುಲಭ ಅನ್ನಿಸಿದರೆ ಬಾಟಲಿಗೆ ಇನ್ನಷ್ಟು ನೀರು ಸೇರಿಸಿ. ಅವಸರ ಬೇಡ.

ಎಷ್ಟು ನೋವು ಇರಬಹುದು?

ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಬರಬಹುದು. ಹೆದರಬೇಡಿ. ಸ್ವಲ್ಪ ನೋವು ಬಂದ ಮಾತ್ರಕ್ಕೆ ಹಗ್ಗ ಹರಿಯುತ್ತಿದೆ ಎಂದು ಅರ್ಥವಲ್ಲ. ಆದರೆ ಎಷ್ಟು ಅನ್ನುವುದಕ್ಕೆ ಲೆಕ್ಕ ಬೇಕು.

ತಡೆಯಲಾರದ ನೋವನ್ನು ಒಂದು ರೂಪಾಯಿ ಅಂದುಕೊಳ್ಳಿ. ನೋವೇ ಇಲ್ಲದಿದ್ದರೆ ಸೊನ್ನೆ. ನಾಲ್ಕಾಣೆಯಷ್ಟು ನೋವಿದ್ದರೆ ಪರವಾಗಿಲ್ಲ, ವ್ಯಾಯಾಮ ಮಾಡಬಹುದು. ಎಂಟಾಣೆ ಆದರೆ ಹೆಚ್ಚಾಯಿತು. ನೀರು ಕಡಿಮೆ ಮಾಡಿ.

ಮಾರನೇ ದಿನ ಬೆಳಗ್ಗೆ ಮತ್ತೆ ನೋಡಿ. ನೋವು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಸರಿ. ಬೆಳಗ್ಗೆಯೂ ಹೆಚ್ಚಾಗಿದ್ದರೆ ಹಿಂದಿನ ದಿನ ಭಾರ ಹೆಚ್ಚಾಗಿತ್ತು ಎಂದು ಅರ್ಥ. ಒಂದು ದಿನ ಬಿಟ್ಟು, ಕಡಿಮೆ ನೀರಿನಿಂದ ಮತ್ತೆ ಶುರು ಮಾಡಿ.

ಸಾಕಮ್ಮ ಏನು ಮಾಡಿದಳು ಗೊತ್ತೇ? ಅಕ್ಷರ ಕಲಿತ ಕೈಯಿಂದಲೇ ಪುಸ್ತಕದಲ್ಲಿ ದಿನಾ ಬರೆದಳು. ಸೋಮವಾರ, ಕಾಲು ಬಾಟಲಿ, ನೋವು ಆರಾಣೆ. ಗುರುವಾರ, ಕಾಲು ಬಾಟಲಿ, ನೋವು ನಾಲ್ಕಾಣೆ. ಒಂದು ತಿಂಗಳಾದರೂ ನೋವು ಹೋಗಲಿಲ್ಲ. ಬೇಸರವಾಯಿತು. ಆದರೆ ಪುಸ್ತಕ ತಿರುವಿ ನೋಡಿದಾಗ ಕಾಲು ಬಾಟಲಿ ಅರ್ಧ ಬಾಟಲಿ ಆಗಿತ್ತು. ನೋವು ಮಾತ್ರ ಹೆಚ್ಚಾಗಿರಲಿಲ್ಲ. ಅದನ್ನು ನೋಡಿ ಧೈರ್ಯ ಬಂತು. ಗಂಡನಿಗೂ ಓದಿ ಹೇಳಿದಳು. ಅಂದಿನಿಂದ ಬಟ್ಟೆ ಹಿಂಡುವಾಗ ಅವನೂ ಒಂದು ತುದಿ ಹಿಡಿದ. ನಾಲ್ಕು ತಿಂಗಳಿಗೆ ಅವಳು ಸೌಟು ಹಿಡಿದು ಸಾರು ತಿರುವಿದಳು. ತುಂಬ ಕೆಲಸವಾದ ದಿನ ಈಗಲೂ ಒಂದಾಣೆ ನೋವು ಬರುತ್ತದೆ. ಅದಕ್ಕೆ ಅವಳು ಹೆದರುವುದಿಲ್ಲ.

ಕೆಲಸ ಬಿಡಬೇಡಿ, ಮಾಡುವ ರೀತಿ ಬದಲಿಸಿ

ವ್ಯಾಯಾಮ ಒಂದೇ ಸಾಲದು. ಹಗ್ಗವನ್ನು ಸವೆಸುವ ಕೆಲಸವನ್ನೂ ಹಗುರ ಮಾಡಬೇಕು.

- ಬಿಂದಿಗೆ, ಪಾತ್ರೆ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ. ಎರಡು ಕೈಯಲ್ಲಿ ಎತ್ತಿ. ಭಾರ ಮೈಗೆ ಹತ್ತಿರ ಇರಲಿ. ಒಂದು ತಂಬಿಗೆಯನ್ನು ಅಂಗೈ ಕೆಳಗೆ ಮಾಡಿ ಎತ್ತಿ, ಆಮೇಲೆ ಅಂಗೈ ಮೇಲೆ ಮಾಡಿ ಎತ್ತಿ ನೋಡಿ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.
- ದೊಡ್ಡ ಬಟ್ಟೆ ತಿರುಚಿ ಹಿಂಡಬೇಡಿ. ತಂತಿಯ ಮೇಲೆ ಹಾಕಿ ನೀರು ಸೋರಲು ಬಿಡಿ. ಹಿಂಡಲೇಬೇಕಾದರೆ ಇಬ್ಬರು ಸೇರಿ ಹಿಂಡಿ.
- ಕುಡುಗೋಲು, ಸೌಟು, ಮುದ್ದೆ ಕೋಲಿನ ಹಿಡಿ ತೀರ ಸಣ್ಣಗಿದ್ದರೆ ಬಟ್ಟೆ ಸುತ್ತಿ ದಪ್ಪ ಮಾಡಿ. ಸಣ್ಣ ಹಿಡಿಯನ್ನು ಬಿಗಿಯಾಗಿ ಹಿಡಿಯಬೇಕಾಗುತ್ತದೆ. ದಪ್ಪ ಹಿಡಿ ಸಡಿಲವಾಗಿ ಹಿಡಿದರೂ ಜಾರುವುದಿಲ್ಲ.
- ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡಬೇಡಿ. ನಡುವೆ ಬೇರೆ ಕೆಲಸ ಮಾಡಿ. ಕೈ ಬದಲಿಸಿ.
- ಬಹಳ ದಿನ ಬಿಟ್ಟು ಕೊಯ್ಲಿಗೆ ಹೋಗುವವರು ಮೊದಲ ದಿನವೇ ಪೂರ್ತಿ ಜೋರು ಮಾಡಬೇಡಿ. ಹಗ್ಗಕ್ಕೆ ಹೊಂದಿಕೊಳ್ಳಲು ಸಮಯ ಬೇಕು.
- ಮನೆಗೆಲಸ ಹಂಚಿಕೊಳ್ಳಿ. ಬಟ್ಟೆ ಹಿಂಡಲು ಗಂಡುಮಕ್ಕಳ ಕೈಗೂ ಬರುತ್ತದೆ.

ಮೊಣಕೈಯ ಸ್ವಲ್ಪ ಕೆಳಗೆ ಕಟ್ಟುವ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಕಟ್ಟಿಕೊಂಡರೆ ಕೆಲಸದ ಹೊತ್ತಿನಲ್ಲಿ ಕೆಲವರಿಗೆ ನೋವು ಕಡಿಮೆ ಆಗುತ್ತದೆ. ಮಲಗುವಾಗ ಬಿಚ್ಚಿಡಿ. ಬೆರಳು ಜೋಮು ಹಿಡಿದರೆ ಸಡಿಲಿಸಿ.

ಇವುಗಳ ಬಗ್ಗೆ ಎಚ್ಚರ

ಎಣ್ಣೆ, ಬಿಸಿ ಕಾವು: ಹಿತ ಅನ್ನಿಸುತ್ತದೆ. ಮಾಡಬಹುದು. ಆದರೆ ಹಗ್ಗಕ್ಕೆ ಬಲ ಕೊಡುವುದು ವ್ಯಾಯಾಮ. ನೋವಿರುವ ಮೂಳೆಯ ಮೇಲೆ ಜೋರಾಗಿ ತಿಕ್ಕಬೇಡಿ.

ಬರೆ ಹಾಕುವುದು: ಖಂಡಿತ ಬೇಡ. ಬರೆಯಿಂದ ಚರ್ಮ ಸುಡುತ್ತದೆ, ಕೀವಾಗುತ್ತದೆ. ಒಳಗಿನ ಹಗ್ಗಕ್ಕೆ ಏನೂ ಉಪಯೋಗವಿಲ್ಲ.

ನೋವಿನ ಮಾತ್ರೆ: ಕೆಲವು ದಿನ ಆರಾಮ ಕೊಡಬಹುದು. ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಮೂತ್ರಪಿಂಡಕ್ಕೂ ತೊಂದರೆ. ಗರ್ಭಿಣಿಯರು, ಹೊಟ್ಟೆ ಹುಣ್ಣು, ಬಿ.ಪಿ., ಮೂತ್ರಪಿಂಡದ ಕಾಯಿಲೆ ಇರುವವರು ಕೇಳದೆ ತೆಗೆದುಕೊಳ್ಳಲೇಬಾರದು. ಹಚ್ಚುವ ಮುಲಾಮು ಮಾತ್ರೆಗಿಂತ ಕಡಿಮೆ ಅಪಾಯದ್ದು.

ಸ್ಟೀರಾಯ್ಡ್ ಇಂಜೆಕ್ಷನ್: ಇದರಿಂದ ನೋವು ಬೇಗ ಹೋಗುತ್ತದೆ. ಆದರೆ ಆಮೇಲೆ? ಆಸ್ಟ್ರೇಲಿಯಾ ದೇಶದಲ್ಲಿ 198 ಜನರನ್ನು ಮೂರು ಗುಂಪು ಮಾಡಿ ಒಂದು ವರ್ಷ ನೋಡಿದರು. ಅದರ ವರದಿ 2006ರಲ್ಲಿ ಬಂತು. ಒಂದು ಗುಂಪಿಗೆ ಇಂಜೆಕ್ಷನ್. ಒಂದು ಗುಂಪಿಗೆ ಫಿಸಿಯೋಥೆರಪಿ. ಇನ್ನೊಂದು ಗುಂಪಿಗೆ ಕೆಲಸ ಮಾಡುವ ರೀತಿ ಹೇಳಿಕೊಟ್ಟು ಕಾಯಲು ಹೇಳಿದರು. ಆರು ವಾರಕ್ಕೆ ಇಂಜೆಕ್ಷನ್ ಗುಂಪೇ ಎಲ್ಲರಿಗಿಂತ ಚೆನ್ನಾಗಿತ್ತು. ವರ್ಷದ ಕೊನೆಗೆ ಅದೇ ಗುಂಪು ಎಲ್ಲರಿಗಿಂತ ಹಿಂದೆ ಬಿತ್ತು. ಇಂಜೆಕ್ಷನ್ ಹಾಕಿಸಿಕೊಂಡ ಅನೇಕರಿಗೆ ನೋವು ಮರಳಿ ಬಂದಿತ್ತು. ಆದ್ದರಿಂದ ಯಾರಾದರೂ ಇಂಜೆಕ್ಷನ್ ಅಂದರೆ "ಇದು ಸ್ಟೀರಾಯ್ಡಾ? ಬೇರೆ ದಾರಿ ಇದೆಯಾ?" ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಒಂದು ಸಮಾಧಾನದ ಮಾತೂ ಇದೆ. ಮೊಣಕೈ ಹಗ್ಗದ ನೋವು ಬಂದವರಲ್ಲಿ ಹೆಚ್ಚಿನವರಿಗೆ ಒಂದು ವರ್ಷದೊಳಗೆ ಕಡಿಮೆ ಆಗುತ್ತದೆ. ಆಪರೇಷನ್ ಬೇಕಾಗುವುದು ಕೆಲವರಿಗೆ ಮಾತ್ರ.

ಬೇರೆ ಕಡೆಯ ಹಗ್ಗಗಳು

ಹಿಮ್ಮಡಿಯ ಮೇಲಿನ ಹಗ್ಗ, ಹೆಬ್ಬೆರಳಿನ ಬುಡದ ಹಗ್ಗ, ಭುಜದ ಹಗ್ಗ ಇವಕ್ಕೂ ಇಂಥ ನೋವು ಬರುತ್ತದೆ. ಹಸುಗೂಸನ್ನು ಪದೇ ಪದೇ ಎತ್ತುವ ತಾಯಂದಿರಿಗೆ ಹೆಬ್ಬೆರಳಿನ ಬುಡ ನೋಯುವುದುಂಟು. ಅವರು ಮಗುವಿನ ಕಂಕುಳಿಗೆ ಹೆಬ್ಬೆರಳು ಕೊಟ್ಟು ಎತ್ತುವ ಬದಲು, ಅಂಗೈಯಿಂದ ಅಡಿಗೆ ಆಸರೆ ಕೊಟ್ಟು ಎತ್ತಬೇಕು. ಒಂದೊಂದು ಹಗ್ಗಕ್ಕೂ ವ್ಯಾಯಾಮ ಬೇರೆ. ಅದನ್ನು ಆಸ್ಪತ್ರೆಯಲ್ಲಿ ಕೇಳಿ ಕಲಿಯಿರಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಹಗ್ಗದ ತೊಂದರೆ ಹೆಚ್ಚು. ನೋವು ಬಹಳ ದಿನ ಇದ್ದರೆ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿ.

ತಡ ಮಾಡದೆ ಆಸ್ಪತ್ರೆಗೆ ಹೋಗಿ

- ಬಿದ್ದ ಮೇಲೆ ನೋವು ಬಂದಿದ್ದರೆ, ಕೈ ಮಡಿಸಲು, ಚಾಚಲು ಆಗದಿದ್ದರೆ
- 'ಟಪ್' ಎಂದು ಶಬ್ದವಾಗಿ ಒಮ್ಮೆಲೇ ಬಲ ಹೋದರೆ
- ಕೀಲು ಊದಿ, ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ
- ಬೆರಳು ಮರಗಟ್ಟಿದರೆ, ಜುಮುಜುಮು ಅಂದರೆ. ಇದು ನಿಜವಾಗಿಯೂ ನರದ ತೊಂದರೆ ಇರಬಹುದು
- ಕೆಲಸ ಮಾಡದೆ ಸುಮ್ಮನಿದ್ದರೂ, ರಾತ್ರಿಯಿಡೀ ನೋವಿದ್ದರೆ
- ಆರು ವಾರ ವ್ಯಾಯಾಮ ಮಾಡಿದರೂ ಸ್ವಲ್ಪವೂ ಗುಣ ಕಾಣದಿದ್ದರೆ

ಇನ್ನೊಂದು ಮುಖ್ಯ ಮಾತು. ಕೈ ನೋವಿನ ಜೊತೆ ಎದೆ ಭಾರ, ಬೆವರು, ಉಸಿರುಕಟ್ಟು ಇದ್ದರೆ ಅದು ಹೃದಯದ ತೊಂದರೆ ಇರಬಹುದು. ಎಣ್ಣೆ ಹಚ್ಚುತ್ತ ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.

ನೆನಪಿಡಿ

ನೋವು ಹೊರಗೆ ಕಾಣದಿದ್ದರೂ ಅದು ನಿಜ.
ಪೂರ್ತಿ ವಿಶ್ರಾಂತಿ ಬೇಡ, ಅತಿ ದುಡಿತವೂ ಬೇಡ.
ಸ್ವಲ್ಪ ಸ್ವಲ್ಪ ಭಾರ, ನಿಧಾನವಾಗಿ, ದಿನಾ.
ಹಗ್ಗ ಸವೆಯಲು ವರ್ಷಗಳು ಹಿಡಿದಿವೆ. ಬಲ ಬರಲು ತಿಂಗಳುಗಳು ಬೇಕು.

ಹೊಸ ಪದಗಳು

ಸ್ನಾಯುರಜ್ಜು: ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಹಗ್ಗ
ಮಣಿಕಟ್ಟು: ಅಂಗೈ ಮತ್ತು ಮುಂಗೈ ಸೇರುವ ಜಾಗ
ಮೂತ್ರಪಿಂಡ: ರಕ್ತ ಸೋಸಿ ಮೂತ್ರ ಮಾಡುವ ಅಂಗ
ಫಿಸಿಯೋಥೆರಪಿ: ವ್ಯಾಯಾಮದ ಮೂಲಕ ಮಾಡುವ ಚಿಕಿತ್ಸೆ

ಅಭ್ಯಾಸ

ಅ. ಉತ್ತರ ಬರೆಯಿರಿ.
1. ಸ್ನಾಯುರಜ್ಜು ಯಾವುದನ್ನು ಯಾವುದಕ್ಕೆ ಕಟ್ಟುತ್ತದೆ?
2. ಹಗ್ಗದ ರಿಪೇರಿ ಯಾಕೆ ನಿಧಾನ?
3. ಇಂಜೆಕ್ಷನ್ ಹಾಕಿಸಿದ ಮೇಲೆ ಸಾಕಮ್ಮನಿಗೆ ಏನಾಯಿತು?

ಆ. ಸರಿಯೋ ತಪ್ಪೋ ಹೇಳಿ.
1. ಕೈ ಊದದಿದ್ದರೆ ನೋವು ಸುಳ್ಳು.
2. ಪಾತ್ರೆ ಎತ್ತುವಾಗ ಅಂಗೈ ಮೇಲ್ಮುಖ ಇರಬೇಕು.
3. ಬರೆ ಹಾಕಿದರೆ ಹಗ್ಗಕ್ಕೆ ಬಲ ಬರುತ್ತದೆ.

ಇ. ಲೆಕ್ಕ ಮಾಡಿ.
1. ದಿನಕ್ಕೆ 10 ಸಲದಂತೆ 3 ಸರದಿ. ಒಂದು ವಾರಕ್ಕೆ ಒಟ್ಟು ಎಷ್ಟು ಸಲ?
2. ಒಂದು ಲೀಟರ್ ಬಾಟಲಿಗೆ ಮುಕ್ಕಾಲು ನೀರು ತುಂಬಿದರೆ ಎಷ್ಟು ಗ್ರಾಂ ಭಾರ?

ಈ. ಗುಂಪಿನಲ್ಲಿ ಮಾತಾಡಿ.
1. ನಮ್ಮ ಕೇಂದ್ರದಲ್ಲಿ ಕೈ ನೋವು ಇರುವವರು ಎಷ್ಟು ಜನ? ಯಾವ ಕೆಲಸ ಮಾಡುವಾಗ ನೋವು ಹೆಚ್ಚು?
2. ಮನೆಯ ಯಾವ ಕೆಲಸವನ್ನು ಯಾರ ಜೊತೆ ಹಂಚಿಕೊಳ್ಳಬಹುದು?

ಉ. ಮಾಡಿ ನೋಡಿ.
ಪುಸ್ತಕದಲ್ಲಿ ಮೂರು ಗೆರೆ ಎಳೆದು ನಾಲ್ಕು ಮನೆ ಮಾಡಿ. ಮೇಲೆ ಹೀಗೆ ಬರೆಯಿರಿ: ದಿನ, ಬಾಟಲಿ ನೀರು, ನೋವು ಎಷ್ಟಾಣೆ, ಮಾರನೇ ಬೆಳಗ್ಗೆ ಹೇಗಿತ್ತು. ಒಂದು ವಾರ ತುಂಬಿಸಿ. ಆಸ್ಪತ್ರೆಗೆ ಹೋಗುವಾಗ ಈ ಪುಸ್ತಕ ತೆಗೆದುಕೊಂಡು ಹೋಗಿ. ನೀವೇ ಓದಿ ಹೇಳಿ.